ಕರೆಯಬಾರದ ಹೆಸರು

ತೆಮಿರ್‌ಕುಲ್ ತೀರಿಹೋಗುವ ಹಿಂದಿನ ದಿನ ಬೆಳಿಗ್ಗೆ ಎಂದಿನಂತೆ ಚಹಾ ಕುಡಿದು, ಅಂಗಿಯ ತೋಳು ಮಡಚಿ, ಸೊಸೆಯ ಮುಂದೆ ಕೈ ಚಾಚಿದ. ಸೊಸೆ ಸೈಕಾಲ್ ನಾರಿನ್ ಹೊಳೆಯಾಚೆ ಪೇಟೆಯ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದಳು. ಬಿಪಿ ನೋಡುವ ಪಟ್ಟಿಯನ್ನು ದಿನಾ ಮಾವನ ತೋಳಿಗೆ ಸುತ್ತಿ ಕೈ ಪಳಗಿಸಿಕೊಳ್ಳುತ್ತಿದ್ದಳು.

"ಮೊದ್ಲು ಏನು ಮಾಡ್ಬೇಕು ಅಂದ್ರು ನಿಮ್ಮ ಟೀಚರು?" ಮುದುಕ ಕೇಳಿದ.

"ಹೆಸರು ಕೇಳ್ಬೇಕು ಆತಾ. ರೋಗಿ ಹೇಳಿದ್ಮೇಲೆ ನಾವೂ ಬಾಯಿಬಿಟ್ಟು ಹೇಳ್ಬೇಕು."

"ಮತ್ತೆ ಕೇಳು."

ಸೈಕಾಲ್ ತಲೆ ತಗ್ಗಿಸಿದಳು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವುದುಂಟೇ? ಮಾವ 'ಆತಾ', ಅತ್ತೆ 'ಆಪಾ', ಅಷ್ಟೆ. ಅವನ ಹೆಸರಿನ 'ತೆಮಿರ್' ಎಂದರೆ ಕಬ್ಬಿಣ, ಹಾಗಾಗಿ ಅವಳು ಕಬ್ಬಿಣದ ಒಲೆಯನ್ನೂ 'ಕರಿಯದು' ಎನ್ನುತ್ತಿದ್ದಳು.

ಹಿಂದೆ ಆ ಕಾಲೇಜಿನಲ್ಲಿ ಪಾಠ ಬರೆದುಕೊಂಡು ಪರೀಕ್ಷೆ ಪಾಸಾದರೆ ಮುಗಿಯುತ್ತಿತ್ತು. ಈಗ ಹಾಗಲ್ಲ. ಒಂದೊಂದು ಕೆಲಸವನ್ನೂ ಟೀಚರ ಕಣ್ಣೆದುರು ಪೂರ್ತಿ ಮಾಡಿ ತೋರಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ವಾರ್ಡಿಗೆ ಬಿಡುವುದಿಲ್ಲ. ಸೈಕಾಲ್‌ಗೆ ಸೂಜಿ ಚುಚ್ಚಲು ಬರುತ್ತಿತ್ತು, ಗಾಯ ಕಟ್ಟಲು ಬರುತ್ತಿತ್ತು. ಹೆಸರು ಕೇಳುವುದೊಂದನ್ನೇ ಬಿಟ್ಟುಬಿಡುತ್ತಿದ್ದಳು. ಮನೆಯಲ್ಲಿ ಬಿದ್ದ ರೂಢಿ ಅಲ್ಲೂ ಬಿಡಲಿಲ್ಲ.

"ನಾನೇ ಹೇಳ್ತಿದೀನಲ್ಲ, ಹೆಸರು ಹಿಡಿದು ಕರಿ. ನನ್ನ ಹೆಸರೇನು ಕಚ್ಚುತ್ತಾ?"

ರೊಟ್ಟಿ ಮುರಿಯುತ್ತಿದ್ದ ಮುದುಕನ ಹೆಂಡತಿ ಬುರ್ಮಾಕಾನ್ ಸಿಡುಕಿದಳು. "ಗಡ್ಡ ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ಲ ನಿಮಗೆ. ಬೇಡದ್ದು ಕಲಿಸ್ಬೇಡಿ ಅವಳಿಗೆ."

"ನೀನು ಸುಮ್ನಿರು. ಇವಳು ನರ್ಸ್ ಆಗ್ಬೇಕು, ಇಲ್ಲಾ ನಿನ್ನ ಜೊತೆ ಸಗಣಿ ಬಾಚ್ಬೇಕು."

ಸೈಕಾಲ್ ಕಣ್ಣು ಮುಚ್ಚಿಕೊಂಡು ಹೆಸರು ಹೇಳಿಯೇ ಬಿಟ್ಟಳು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಬುರ್ಮಾಕಾನ್ ಮುರಿದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಮರುದಿನ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಲು ಹೋದವನು ಕೊಟ್ಟಿಗೆಯಲ್ಲೇ ಕುಸಿದ. ಹೃದಯ ನಿಂತಿತು ಎಂದರು ಡಾಕ್ಟರು. ಬುರ್ಮಾಕಾನ್ ಕಿವಿಗೆ ಅದು ಬೀಳಲಿಲ್ಲ. ಹೆಣ ಇಡಲು ಅಂಗಳದಲ್ಲಿ ಡೇರೆ ಹಾಕಿದರು. ಅವಳು ಒಳಗೆ ಗೋಡೆಗೆ ಮುಖಮಾಡಿ ಕೂತು ಹಾಡಿ ಹಾಡಿ ಅತ್ತಳು. ಬಾಯಲ್ಲಿ ಗಂಡನ ಗುಣಗಾನ, ಮನಸ್ಸಿನಲ್ಲಿ ಒಂದೇ ಮಾತು. ಇವಳು ಕರೆದಳು, ಅವನು ಹೋದ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಭಯ. ಬಿಪಿ ಪಟ್ಟಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಸೈಕಾಲ್ ಅದನ್ನು ಕೇಳಲೇ ಇಲ್ಲ. ಸೊಸೆ ಬಾಯಿ ತೆರೆದರೆ ಸಾಕು, ಬುರ್ಮಾಕಾನ್ ಬೆಚ್ಚುತ್ತಿದ್ದಳು.

ಸತ್ತ ನಲವತ್ತನೇ ದಿನದ ಊಟ ಮುಗಿದ ಮೇಲೆ ಹುಡುಗಿ ಮತ್ತೆ ಕಾಲೇಜಿಗೆ ಹೋದಳು. ಒಂದು ಮಧ್ಯಾಹ್ನ ಬಂದವಳು ಬೂಟು ಕೂಡ ಬಿಚ್ಚದೆ ಹೊಸ್ತಿಲ ಮೇಲೆ ಕೂತಳು.

"ನಾನಿನ್ನು ಹೋಗಲ್ಲ ಆಪಾ."

"ಏನಾಯ್ತು?"

"ನಂಗೆ ಗುರುತಿಲ್ದ ಇಬ್ರು ಹುಡುಗೀರನ್ನ ರೋಗಿಗಳ ಥರ ಮಲಗಿಸಿದ್ರು. ನಾನು ಕೈ ತೊಳೆಯೋಕೆ ತಿರುಗಿದಾಗ ಟೀಚರು ಹಾಸಿಗೆ ಅದಲು ಬದಲು ಮಾಡಿದಾರೆ. ನಾನು ಹೆಸರು ಕೇಳ್ಲಿಲ್ಲ. ಒಬ್ಬಳ ಔಷಧಿ ಇನ್ನೊಬ್ಬಳಿಗೆ ಹಿಡಿದೆ."

"ಟೀಚರು ಏನಂದ್ರು?"

"ನಿಜವಾದ ಔಷಧಿ ಆಗಿದ್ರೆ ಇವಳು ಸತ್ತಿರ್ತಿದ್ಳು ಅಂದ್ರು. ಮುಂದಿನ ವಾರ ಕೊನೇ ಸಲ. ತಪ್ಪಿದ್ರೆ ಕಾಲೇಜು ಬಿಡ್ಬೇಕು." ಸೈಕಾಲ್ ದನಿ ಇಳಿಸಿದಳು. "ಕೇಳೋಕೆ ಹೋದ್ರೆ ಆತಾ ಕಣ್ಮುಂದೆ ಬರ್ತಾರೆ. ನಾನು ಕರೆದೆ, ಅವರು ಹೋದ್ರು."

ಬುರ್ಮಾಕಾನ್ ಬಚ್ಚಿಟ್ಟುಕೊಂಡ ಮಾತು ಹುಡುಗಿಯ ಬಾಯಿಂದಲೇ ಬಂದಿತ್ತು. ಹೌದು ಎಂದರೆ ಮುಗಿಯಿತು, ಇವಳು ಮತ್ತೆ ಹೊಳೆ ದಾಟುವುದಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಹಾಸಿಗೆ ಬದಲಾದ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ನಾಳೆ ತಾನೂ ಹಾಗೆ ಮಲಗಿರುತ್ತಾಳೆ. ಯಾರೋ ಒಬ್ಬಳು ಬಂದು, ಏನೂ ಕೇಳದೆ, ಇನ್ಯಾರದೋ ಔಷಧಿ ಚುಚ್ಚಿ ಹೋಗುತ್ತಾಳೆ. ಅದೂ ಭಯ, ಇದೂ ಭಯ. ಅವಳು ಎದ್ದು ಪೆಟ್ಟಿಗೆ ತೆರೆದಳು.

ಪಟ್ಟಿಯನ್ನು ಸೊಸೆಯ ತೊಡೆಯ ಮೇಲೆ ಹಾಕಿ, ಎದುರಿಗೆ ಕೂತು, ತೋಳು ಮಡಚಿದಳು.

"ಕೇಳು."

"ಬೇಡ ಆಪಾ. ನಿಮ್ಮ ಹೆಸರು ನಾನು ಹೇಳಲ್ಲ."

"ಹೆಸರು ಕರೆದ್ರೆ ಜೀವ ಹೋಗೋದಾದ್ರೆ ನಂದು ಹೋಗ್ಲಿ. ಹೋಗ್ಲಿಲ್ಲ ಅಂದ್ರೆ ಆ ಮಾತು ಈ ಮನೇಲಿ ಇನ್ನೆತ್ಬೇಡ."

ಧೈರ್ಯವೆಲ್ಲ ಬಾಯಲ್ಲೇ. ಇನ್ನೊಂದು ಕೈ ಕಂಬಳಿಯನ್ನು ಗಟ್ಟಿಯಾಗಿ ಹಿಡಿದಿತ್ತು.

"ನಿಮ್ಮ ಹೆಸರೇನು?"

"ಬುರ್ಮಾಕಾನ್."

"ಬುರ್ಮಾಕಾನ್," ಎಂದಳು ಸೈಕಾಲ್. ದನಿ ಸೊಳ್ಳೆಯಷ್ಟಿತ್ತು.

ಬುರ್ಮಾಕಾನ್ ಕಾದಳು. ಕೊಟ್ಟಿಗೆಯಲ್ಲಿ ಹಸು ಕೂಗಿತು. ತೋಳಿನ ಪಟ್ಟಿ ಬಿಗಿದು, ಮೆಲ್ಲಗೆ ಸಡಿಲಾಯಿತು.

"ಆಪಾ, ತುಂಬಾ ಜಾಸ್ತಿ ಇದೆ."

"ಇರ್ದೆ ಏನು? ಹೆದರಿ ಸಾಯ್ತಿದೀನಿ ಇಲ್ಲಿ."

ಸೈಕಾಲ್‌ಗೆ ನಗು ಬಂತು, ಆಮೇಲೆ ಅಳು. ಬುರ್ಮಾಕಾನ್ ಆ ದಿನವೆಲ್ಲ ಗೋಡೆ ಹಿಡಿದೇ ನಡೆದಳು. ಸಂಜೆಯಾಯಿತು, ಬೆಳಗಾಯಿತು, ಅವಳು ಇದ್ದಳು.

ಮುಂದಿನ ವಾರ ಸೈಕಾಲ್ ತಪ್ಪಲಿಲ್ಲ. ಈಗ ವಾರ್ಡಿಗೆ ಹೋಗುತ್ತಾಳೆ. ಬುರ್ಮಾಕಾನ್‌ಳ ಭಯ ಮಾತ್ರ ಪೂರ್ತಿ ಹೋಗಿಲ್ಲ. ದಿನಾ ಬೆಳಿಗ್ಗೆ ಹಾಲು ಕರೆದು ಬಂದು, ಕೈ ಒರೆಸಿಕೊಂಡು, ಸೊಸೆ ಬೂಟು ಹಾಕಿಕೊಳ್ಳುವ ಮೊದಲು ಅವಳೆದುರು ಕೂತು ತೋಳು ಮಡಚುತ್ತಾಳೆ. ಹುಡುಗಿ ಕೇಳುತ್ತಾಳೆ, ಅವಳು ಹೇಳುತ್ತಾಳೆ, ಹುಡುಗಿ ಹೆಸರು ಹಿಡಿದು ಕರೆಯುತ್ತಾಳೆ. ಪಟ್ಟಿ ಸಡಿಲಾಗುವವರೆಗೆ ಬುರ್ಮಾಕಾನ್ ಉಸಿರು ಬಿಡುವುದಿಲ್ಲ. ಆಮೇಲೆ ತೋಳು ಇಳಿಸಿಕೊಂಡು ಹಸುವಿಗೆ ಹುಲ್ಲು ಹಾಕಲು ಹೋಗುತ್ತಾಳೆ.