ಚಾಚಾ ಕಟ್ಟಿದ ಕಾರು, ನನ್ನ ಮೂಗು

ಹೋದ ವಾರ ಎದುರು ಮನೆಯ ಹುಲ್ಲು ಕತ್ತರಿಸಲು ಬಂದವನು ಯಂತ್ರಕ್ಕೆ ಪೆಟ್ರೋಲು ಸುರಿಯುವಾಗ ಒಂದಿಷ್ಟು ಚೆಲ್ಲಿದ. ನನ್ನ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಸಾಸಿವೆ ಸಿಡಿಯುವ ಮೊದಲೇ ಆ ವಾಸನೆ ಒಳಗೆ ಬಂತು. ಒಲೆ ಆರಿಸಿ, ಕಿಟಕಿಯ ಹತ್ತಿರ ಹೋಗಿ, ಇನ್ನೊಮ್ಮೆ ಉಸಿರೆಳೆದುಕೊಂಡೆ. ಹೀಗೆ ಬೇಕೆಂದೇ ಪೆಟ್ರೋಲು ಮೂಸುವ ಅಭ್ಯಾಸ ನನಗೆ ಹತ್ತಿದ್ದು ಪಕ್ಕದ ಮನೆಯ ಚಾಚಾ ಅವರಿಂದ.

ಅವರು ಹುಬ್ಬಳ್ಳಿಯವರು. ದೇಶ ಬಿಟ್ಟು ಇಲ್ಲಿ ಫ್ರೀಮಾಂಟಿಗೆ ಬಂದು ಎಷ್ಟೋ ವರ್ಷವಾಗಿತ್ತು. ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿದ್ದರು. ನಿವೃತ್ತರಾದ ಮೇಲೆ ಚಾಚಾ ಗ್ಯಾರೇಜಿನಲ್ಲಿ ತಮ್ಮ ಕೈಯಾರೆ ಒಂದು ಕಾರು ಕಟ್ಟತೊಡಗಿದರು. ಕಿಟ್ ಕಾರು ಅನ್ನುತ್ತಾರೆ ಅದಕ್ಕೆ. ಚೌಕಟ್ಟು, ಫೈಬರಿನ ಮೈ, ನಟ್ಟು ಬೋಲ್ಟು ಎಲ್ಲ ಪೆಟ್ಟಿಗೆಗಳಲ್ಲಿ ಬರುತ್ತವೆ. ಯಾವುದೋ ಹಳೆಯ ಕಾರಿನಿಂದ ಎಂಜಿನ್ನು ತೆಗೆದು ಹಾಕಿ ನಾವೇ ಜೋಡಿಸಿಕೊಳ್ಳಬೇಕು. ಛಾವಣಿಯಿಲ್ಲದ, ಇಬ್ಬರೇ ಕೂರಬಹುದಾದ ಕಾರು. ಬಣ್ಣ ಹಸಿರು... ಹಸಿರೇ ಅಂತ ನನ್ನ ನೆನಪು. ಮಗಳು ಮಾತ್ರ "ಅಮ್ಮಾ, ಇಟ್ ವಾಸ್ ಬ್ಲೂ" ಅನ್ನುತ್ತಾಳೆ. ಅಷ್ಟು ಖಚಿತವಾಗಿ ಹೇಳುವವರ ಮುಂದೆ ನನ್ನ ನೆನಪು ಯಾವಾಗಲೂ ಹಿಂದೆ ಸರಿದು ನಿಲ್ಲುತ್ತದೆ.

ಚಾಚಾ ಅವರಿಗೆ ಇದ್ದದ್ದು ಒಂದೇ ಆಸೆ. ಚಾಚಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟಗಳ ನಡುವೆ ಸಾಗುವ ನೈಲ್ಸ್ ಕ್ಯಾನಿಯನ್ನಿನ ತಿರುವು ರಸ್ತೆಯಲ್ಲಿ ಒಮ್ಮೆ ಹೋಗಿಬರಬೇಕು. ಈ ದೇಶಕ್ಕೆ ಬಂದ ಮೇಲೆ ಚಾಚಿ ಕಾರಿನಲ್ಲಿ ಹಿಂದೆಯೇ ಕೂತವರು. ಮೊದಲು ಮಕ್ಕಳ ಜೊತೆ, ಆಮೇಲೆ ಮೊಮ್ಮಕ್ಕಳ ಜೊತೆ. "ಈ ಗಾಡಿಗೆ ಹಿಂದಿನ ಸೀಟ ಇಲ್ಲ. ಈಗೆಲ್ಲಿ ಹೋಗ್ತಾಳ?" ಎಂದು ಚಾಚಾ ನಗುತ್ತಿದ್ದರು.

ಕಾರು ಶುರುವಾಯಿತು, ಬೀದಿಯ ಕೊನೆಯವರೆಗೆ ಹೋಗಿಯೂ ಬಂತು. ಆದರೆ ಗ್ಯಾರೇಜಿನಲ್ಲಿ ಪೆಟ್ರೋಲಿನ ವಾಸನೆ ನಿಲ್ಲಲಿಲ್ಲ. ಅದು ಗೊತ್ತಾಗದಿದ್ದದ್ದು ಚಾಚಾ ಒಬ್ಬರಿಗೇ. ಯಾವುದೋ ಜ್ವರ ಬಂದುಹೋದ ಮೇಲೆ ಅವರ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. "ಬಿರಿಯಾನಿ ಹೆಂಗಾಗೇತಿ ಅಂತ ಕೇಳಿದ್ರ, ಬಿಸಿ ಐತಿ ಅಂತಾರ" ಎಂದು ಚಾಚಿ ನನ್ನ ಹತ್ತಿರ ದೂರುತ್ತಿದ್ದರು.

ಆದರೆ ಪೆಟ್ರೋಲಿನ ವಿಷಯದಲ್ಲಿ ಚಾಚಿ ತಮಾಷೆ ಮಾಡಲಿಲ್ಲ. ಗ್ಯಾರೇಜಿನ ಮೂಲೆಯಲ್ಲೇ ನೀರು ಕಾಯಿಸುವ ಗ್ಯಾಸಿನ ಹೀಟರು ಇತ್ತು, ಅದರ ಬುಡದಲ್ಲಿ ಸದಾ ಉರಿಯುವ ಒಂದು ಪುಟ್ಟ ನೀಲಿ ಜ್ವಾಲೆ. "ವಾಸನಿ ಹೋಗೂ ಮಟ ನಾ ಇದರಾಗ ಕುಂದ್ರಂಗಿಲ್ಲ. ಬಕ್ರೀದ್ ಮಟ ನೋಡ್ತೀನಿ. ಆಮ್ಯಾಲೆ ಒಂದೋ ಗಾಡಿ ಇರಬೇಕು, ಇಲ್ಲಾ ನಾ ಇರಬೇಕು."

ಹಾಗೆ ಒಂದು ಭಾನುವಾರ ಬೇಲಿಯಾಚೆಯಿಂದ ಚಾಚಾ ಕೂಗಿದರು, ಸಕ್ಕರೆಯನ್ನೋ ಕೊತ್ತಂಬರಿಯನ್ನೋ ಕೇಳುವ ದನಿಯಲ್ಲಿ: "ಬೇಟಿ, ನಿನ್ನ ಮೂಗ ಒಂದ್ ಐದ್ ಮಿನಿಟ್ ಕಡಾ ಕೊಡ್ತೀಯೇನು?"

ಒಳಗಿನಿಂದ ಚಾಚಿ: "ಪುಕ್ಕಟ ಕೊಡಬ್ಯಾಡ ತಂಗೀ, ಬಾಡಿಗಿ ಹಚ್ಚು!"

ನಾನು ಮಂಡಿಯೂರಿ, ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿನವರೆಗೆ ಮೂಸುತ್ತ ಹೋದೆ. ನಡುವೆ ಉಕ್ಕಿನ ಕೊಳವೆ, ಎರಡು ತುದಿಗೂ ಕಪ್ಪು ರಬ್ಬರಿನ ಪೈಪು, ಪೈಪನ್ನು ಕಚ್ಚಿ ಹಿಡಿಯಲು ಲೋಹದ ಕ್ಲಿಪ್ಪು. ರಬ್ಬರು ಇದ್ದ ಕಡೆಯೆಲ್ಲ ವಾಸನೆ ಜೋರಾಗಿತ್ತು. ಚಾಚಾ ಪ್ರತಿ ಕೂಡಿಕೆಗೂ ಬಿಳಿ ಟಿಶ್ಯೂ ಕಾಗದ ಸುತ್ತಿ, ಎಂಜಿನ್ನು ಓಡಿಸಿ, ಬಿಚ್ಚಿ ತೋರಿಸಿದರು. ಒಂದು ಹನಿಯೂ ಇಲ್ಲ.

"ನೋಡ, ಒಣಗೇ ಐತಿ. ನಿನ್ ಮೂಗಿಗೆ ಭ್ರಮಿ ಹತ್ತೈತಿ."

ಹಾಗೆಂದರೂ ಕ್ಲಿಪ್ಪುಗಳನ್ನು ಇನ್ನಷ್ಟು ಬಿಗಿದರು. ಮುಂದಿನ ಭಾನುವಾರ ಮತ್ತೆ ಕರೆದರು. ಮತ್ತೆ ವಾಸನೆ, ಮತ್ತೆ ಒಣ ಕಾಗದ. ಕೊನೆಗೆ ನನಗೇ ಅನುಮಾನ ಹುಟ್ಟಿತು. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಮರೆಯುತ್ತದೆ. ಹೊರಗೆ ಹೋಗಿಬಂದರೆ ಇಲ್ಲದ್ದನ್ನೂ ಹುಡುಕುತ್ತದೆ. ನಾನು ಮೂಸುತ್ತಿರುವುದು ಈ ಕಾರನ್ನೋ, ಹೋದ ವಾರದ ನೆನಪನ್ನೋ?

ಚಾಚಾ ಚಾಚಿ ತಮ್ಮತಮ್ಮಲ್ಲಿ ಮಾತಾಡುತ್ತಿದ್ದದ್ದು ಉರ್ದುವಿನಲ್ಲಿ. ನನ್ನನ್ನು ಸಾಕ್ಷಿಗೆ ಎಳೆಯಬೇಕಾದಾಗ ಮಾತ್ರ ಚಾಚಿ ಕನ್ನಡಕ್ಕೆ ಬರುತ್ತಿದ್ದರು. ಅವತ್ತು ಬಂದರು.

"ಕುಕ್ಕರಿನ ಗ್ಯಾಸ್ಕೆಟ್ ನಾ ವರ್ಷಾ ಬದಲಿ ಮಾಡ್ತೀನಿ. ಅದೇನು ಹರದಿರತೈತೇನು? ರಬ್ಬರಿಗೆ ಮುಪ್ಪ ಬಂದ್ರ, ಹರೀದಿದ್ರೂ ಹಬಿ ಬಿಡತೈತಿ. ಇವರು ಬರೇ ಕ್ಲಿಪ್ ಬಿಗೀತಾರ. ತಂಗೀ, ನೀನ ಹೇಳು, ಕುಕ್ಕರಿನ ಮುಚ್ಚಳ ಬಿಗದ್ರ ಗ್ಯಾಸ್ಕೆಟ್ ಹೊಸಾದಾಗತೈತೇನು?"

"ಬೇಗಂ ಸಾಹೇಬರು ಮೆಕ್ಯಾನಿಕ್ ಆದ್ರು" ಎಂದರು ಚಾಚಾ. ಆದರೆ ನಗಲಿಲ್ಲ. ಅವರ ಕೈ ಆ ಪೈಪಿನ ಮೇಲೇ ಇತ್ತು.

"ಹೊಸ ಪೈಪು ಇಲ್ಲೇ ಸಿಗುತ್ತಲ್ಲ ಚಾಚಾ, ಹಾಕಿಬಿಡಿ" ಎಂದೆ.

"ಸಿಗತೈತಿ... ಇದು ನನ್ನ ತಮ್ಮಂದು ಬೇಟಿ."

ಹುಬ್ಬಳ್ಳಿಯಲ್ಲಿ ಅವರ ತಮ್ಮನಿಗೆ ಗಾಡಿಗಳ ಬಿಡಿಭಾಗದ ಅಂಗಡಿ ಇತ್ತಂತೆ. ತಮ್ಮ ತೀರಿಕೊಂಡು ಅಂಗಡಿ ಮುಚ್ಚಿದಾಗ, ಗೋಡೆಗೆ ನೇತುಹಾಕಿದ್ದ ಪೈಪಿನ ಕೊನೆಯ ಸುರುಳಿಯನ್ನು ಚಾಚಾ ಸೂಟ್‌ಕೇಸಿನಲ್ಲಿ ತಂದಿದ್ದರು, ಶೇಂಗಾ ಚಟ್ನಿಪುಡಿ, ಚಾಚಿಯ ಗ್ಯಾಸ್ಕೆಟ್ಟುಗಳ ನಡುವೆ. ನಾವೆಲ್ಲ ಊರಿನಿಂದ ತಂದದ್ದು ಇಲ್ಲಿಯದಕ್ಕಿಂತ ಗಟ್ಟಿ ಎಂದೇ ನಂಬುವವರು. ಅದು ಎಷ್ಟು ವರ್ಷ ಅಂಗಡಿಯಲ್ಲಿ ನೇತಾಡಿತ್ತು ಎಂದು ಯಾರೂ ಕೇಳುವುದಿಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಆಲ್ಕೋಹಾಲು ಬೆರೆಸಿರುತ್ತಾರೆ, ಆ ಹಳೆಯ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಹನಿ ಬೀಳುವುದಕ್ಕೆ ಮೊದಲು ಪೈಪಿನ ಮೈಯಿಂದಲೇ ಆವಿ ಹೊರಡುತ್ತದೆ. ಇದೆಲ್ಲ ಚಾಚಾ ಅವರಿಗೆ ಗೊತ್ತಿತ್ತು ಅನಿಸುತ್ತದೆ. ಗೊತ್ತಿದ್ದೂ ಕ್ಲಿಪ್ಪು ಬಿಗಿಯುತ್ತಿದ್ದರು.

ಚಾಚಿ ಉರ್ದುವಿನಲ್ಲಿ ಏನೋ ಹೇಳಿದರು. ಮೆಲ್ಲಗೆ. ನನಗೆ ಅರ್ಥವಾಗಲಿಲ್ಲ... ಚಾಚಾ ಪೈಪಿನ ಒಂದು ತುದಿಯನ್ನು ಕಳಚಿ, ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರು. ಬಾಗಿದ ಕಡೆ ಒಡೆದ ಹಿಮ್ಮಡಿಯಂತೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು.

ಬಕ್ರೀದಿಗೆ ಇನ್ನೂ ಕೆಲವು ದಿನ ಇದ್ದಾಗ ಚಾಚಾ ಕಾರನ್ನು ಹೊರಗೆ ತಳ್ಳಿ, ಟ್ಯಾಂಕು ಖಾಲಿ ಮಾಡಿ, ಹಳೆಯ ಪೈಪನ್ನೆಲ್ಲ ತೆಗೆದರು. ಇಲ್ಲಿಯ ಪೆಟ್ರೋಲಿಗೆಂದೇ ಮಾಡಿದ ಹೊಸ ಪೈಪು ಹಾಕಿದರು. ಕ್ಲಿಪ್ಪುಗಳನ್ನು ಈ ಸಲ ರಬ್ಬರು ಕತ್ತರಿಸುವಷ್ಟು ಬಿಗಿಯಲಿಲ್ಲ. ಹಳೆಯ ತುಂಡುಗಳು ಎಲ್ಲಿ ಹೋದವೋ, ನಾನು ನೋಡಲಿಲ್ಲ.

ಮತ್ತೆ ಪೆಟ್ರೋಲು ತುಂಬಿ, ಕಾರನ್ನು ಗ್ಯಾರೇಜಿನೊಳಗಿಟ್ಟು ಬಾಗಿಲು ಹಾಕಿದರು. ಮರುದಿನ ಬೆಳಿಗ್ಗೆ ಅದನ್ನು ನನ್ನೆದುರು ತೆರೆದರು. ಮೂಸಿದೆ. ಏನೂ ಇರಲಿಲ್ಲ.

"ಖರೇನಾ?"

ಖರೆಯೇ? ವಾಸನೆ ಇಲ್ಲವೋ, ಇರಬಾರದೆಂಬ ನನ್ನ ಆಸೆಯೋ? ನಾನು ತಡವರಿಸಿದ್ದನ್ನು ಕಂಡು ಚಾಚಾ ಒಳಗೆ ಕೂಗಿದರು. ಚಾಚಿ ಹಿಟ್ಟಿನ ಕೈಯಲ್ಲೇ ಬಂದು, ಕಣ್ಣು ಮುಚ್ಚಿ ನಿಂತು ಉಸಿರೆಳೆದುಕೊಂಡು, ತಿರುಗಿ ಒಳಗೆ ಹೋದರು. ನಾವಿಬ್ಬರೂ ಫಲಿತಾಂಶಕ್ಕೆ ಕಾದವರಂತೆ ನಿಂತೆವು.

ಚಾಚಿ ಹೊರಗೆ ಬಂದಾಗ ತಲೆಗೆ ದುಪಟ್ಟಾ ಬಿಗಿಯಾಗಿ ಕಟ್ಟಿದ್ದರು. ಕಣ್ಣಿಗೆ ಮಗಳ ಕಪ್ಪು ಕನ್ನಡಕ. ಚಾಚಾ ಎಂಜಿನ್ನು ಶುರು ಮಾಡಿದರು.

"ನಡೀರಿ ಮತ್ತ. ಪೆಟ್ರೋಲ್ ತುಟ್ಟಿ ಐತಿ, ನಿಂತಲ್ಲೇ ಸುಡಬ್ಯಾಡ್ರಿ."

ಕಾರು ದೊಡ್ಡ ಸದ್ದು ಮಾಡುತ್ತ ಬೀದಿಯ ತಿರುವಿನಲ್ಲಿ ಮರೆಯಾಯಿತು. ಅವರು ಯಾವಾಗ ವಾಪಸು ಬಂದರು, ಆಮೇಲೆ ಎಷ್ಟು ಸಲ ಹೋದರು, ನನಗೆ ನೆನಪಿಲ್ಲ. ಆದರೆ ಅಂದು ಇಬ್ಬರೂ ಮಾತಿಲ್ಲದೆ, ಬೆಟ್ಟವನ್ನೂ ತೊರೆಯನ್ನೂ ನೋಡುತ್ತ ಹೋಗಿರಬೇಕೆಂದು ಯಾಕೋ ನಾನೇ ಕಲ್ಪಿಸಿಕೊಂಡು, ಅದನ್ನೇ ಕಂಡವಳಂತೆ ಇಟ್ಟುಕೊಂಡಿದ್ದೆ.

ಚಾಚಾ ಈಗಿಲ್ಲ. ಕಾರನ್ನು ದೂರದ ಊರಿನ ಯಾರೋ ಕೊಂಡುಹೋದರು. ಚಾಚಿ ಎಮರಿವಿಲ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಈ ಭಾನುವಾರ ಅವರನ್ನು ನೋಡಲು ಹೋಗಿದ್ದೆ. ಚಹಾ ಕುಡಿಯುತ್ತ, ಕ್ಯಾನಿಯನ್ನಿಗೆ ಹೋದ ದಿನ ಏನು ಮಾತಾಡಿದಿರಿ ಎಂದು ಕೇಳಿದೆ.

"ಛತ್ತ ಇಲ್ಲದ ಗಾಡ್ಯಾಗ ಏನ್ ಕೇಳಸತೈತಿ ತಂಗೀ? ಒಂದ್ ತಿರುವಿನ್ಯಾಗ ನನ್ ಕಡೆ ಹೊಳ್ಳಿ ಏನೋ ಅಂದ್ರು. ನಾ ಹ್ಞೂಂ ಅಂದೆ."

"ಏನಂದರು?"

"ಮನೀಗೆ ಹೋಗಿ ಕೇಳಿದ್ರಾತು ಅಂದ್ಕೊಂಡೆ. ಬರೂದ್ರಾಗ ಮಗಳ ಫೋನ ಬಂತು, ಅಡಗಿ ಇತ್ತು... ಮರ್ತೇಬಿಟ್ಟೆ." ಲೋಟವನ್ನು ಕೆಳಗಿಟ್ಟರು. "ಈಗ ದಿನಾ ಒಂದೊಂದು ಅನಸತೈತಿ. ಇವತ್ತ ಮುಂಜಾನೆ ಅನಸ್ತು, ಚಳಿ ಆಗಾಕತ್ತೈತೇನ ಅಂತ ಕೇಳಿರಬೇಕು."