ಪೊರಿರುವಾದಲ್ಲಿ ವಾವೆಲ್ ಕಟ್ಟಿದ ವಾಮನ

ಬೇರೆ ದಿನವಾಗಿದ್ದರೆ ಬೆಳಕು ಹರಿಯುವಷ್ಟರಲ್ಲಿ ವಾಮನ ಕಡಲಾಚೆಯ ಪೊರಿರುವಾ ಊರಿನ ಪೋಲಿಷ್ ಸಂಘದ ಸಭಾಂಗಣವನ್ನು ಒರೆಸಿ ಮುಗಿಸಿರುತ್ತಿದ್ದರು. ಇವತ್ತು ಕೈ ಓಡುತ್ತಿಲ್ಲ. ಮಾಪನ್ನು ಗೋಡೆಗೊರಗಿಸಿ ಮತ್ತೆ ಮತ್ತೆ ಮೂಲೆಯ ಮೇಜಿನ ಬಳಿ ಹೋಗುತ್ತಾರೆ. ಅಲ್ಲಿ ಹಳೆಯ ಬೆಡ್‌ಶೀಟಿನಡಿ ರಟ್ಟಿನ ಚರ್ಚೊಂದು ಕೂತಿದೆ. ಇನ್ನೇನು ಸಂಘದ ಹಿರಿಯರಾದ ಹಲೀನಾ ಆಂಟಿ ಬರುತ್ತಾರೆ. ಅವರು ಒಪ್ಪಿದರೆ ಭಾನುವಾರದ ಸಮಾರಂಭಕ್ಕೆ ಅದು ವೇದಿಕೆಗೆ. ಇಲ್ಲದಿದ್ದರೆ ಕಸದ ಡಬ್ಬಿಗೆ.

ವಾಮನ ಮೈಸೂರಿನವರು. ಅಲ್ಲಿ ಮದುವೆ ಛತ್ರಗಳಿಗೆ ಥರ್ಮಾಕೋಲಿನ ಮಂಟಪ ಕಟ್ಟುತ್ತಿದ್ದರು. ಹೆಂಡತಿ ವೇದಾಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಜೊತೆಗೆ ಬಂದರು. ಬೆಳಿಗ್ಗೆ ಈ ಸಭಾಂಗಣ, ಸಂಜೆ ಎರಡು ಶಾಲೆಗಳ ಕ್ಲೀನಿಂಗು. "ಇಲ್ಲಿ ಮಂಟಪ ಯಾರಿಗ್ ಬೇಕು? ಆದ್ರೆ ಕೈ ಸುಮ್ನಿರಲ್ವಲ್ಲ," ಎನ್ನುತ್ತಾರೆ.

ಹಲೀನಾ ಎರಡನೇ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡು ಪೋಲೆಂಡಿನಿಂದ ಇಲ್ಲಿಗೆ ಬಂದ ಮಕ್ಕಳಲ್ಲಿ ಒಬ್ಬರು. ಈಗ ಎಂಬತ್ತು ದಾಟಿದ ಮೊಣಕಾಲು ವಿಮಾನ ಹತ್ತಲು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ನೋಡಿದ, ಕ್ರಾಕೋವ್ ನಗರದ ವಾವೆಲ್ ಗುಡ್ಡದ ಮೇಲಿನ ದೊಡ್ಡ ಚರ್ಚನ್ನು, ಆ ಕೆಥೆಡ್ರಲ್ಲನ್ನು, ಇನ್ನೊಮ್ಮೆ ನೋಡುವಾಸೆ. ಪೋಲೆಂಡಿನ ರಾಜರಿಗೆ ಪಟ್ಟ ಕಟ್ಟಿದ್ದು ಅಲ್ಲಿ, ಮಣ್ಣು ಮಾಡಿದ್ದೂ ಅಲ್ಲೇ. ಆಮೇಲೆ ಮೂರು ಸಾಮ್ರಾಜ್ಯಗಳು ದೇಶವನ್ನೇ ಹಂಚಿಕೊಂಡು ನುಂಗಿದವು. ಭೂಪಟದಲ್ಲಿ ಪೋಲೆಂಡ್ ಇಲ್ಲದ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಜನ ಆ ಗುಡ್ಡ ಹತ್ತುತ್ತಲೇ ಇದ್ದರು. ರಾಜರ ಸಮಾಧಿಗಳಿದ್ದಲ್ಲಿಗೇ, ಪರದೇಶದಲ್ಲಿ ತೀರಿಹೋದ ತಮ್ಮ ಮಹಾಕವಿಯನ್ನೂ ತಂದು ಮಲಗಿಸಿದರು. "ಮನೆ ಹೋದ್ರೂ ದೇವರಮನೆ ಉಳೀತು ಅಂದ್ಕೊಳಿ," ಎನ್ನುತ್ತಾರೆ ವಾಮನ. ಬರುವ ಭಾನುವಾರ, 2018ರ ನವೆಂಬರ್ ಹನ್ನೊಂದಕ್ಕೆ, ಆ ದೇಶ ಮರಳಿ ಸಿಕ್ಕಿ ನೂರು ವರ್ಷ.

ಆ ದಿನದ ಸಮಾರಂಭಕ್ಕೆಂದು ಆಂಟಿ ಕೊಟ್ಟ ಫೋಟೊ ನೋಡಿ ವಾಮನ ಚರ್ಚು ಕಟ್ಟಿದರು. ಫೋಟೊದಲ್ಲಿ ಒಂದು ಗೋಪುರ ಎತ್ತರ, ಇನ್ನೊಂದು ಗಿಡ್ಡ. ಓರೆಯಾಗಿ ತೆಗೆದ ಫೋಟೊ ಇರಬೇಕೆಂದು, ಮಂಟಪದ ಕಂಬ ಜೋಡಿಸಿ ಪಳಗಿದ ಕೈ ಎಲ್ಲವನ್ನೂ ಸಮ ಮಾಡಿಬಿಟ್ಟಿತು.

ಕಳೆದ ವಾರ ಅದನ್ನು ಕಂಡ ಆಂಟಿಯ ಮುಖ ಸಪ್ಪಗಾಯಿತು. "ಚೆನ್ನಾಗಿದೆ ವಾಮನ್, ಆದ್ರೆ ಇದು ನಮ್ದಲ್ಲ. ಒಂದೊಂದು ಗೋಪುರ ಒಂದೊಂದು ಕಾಲದ್ದು. ಹಿಂದಿನವ್ರದ್ದನ್ನ ಕೆಡವಿ ಯಾರೂ ಸಮ ಮಾಡ್ಲಿಲ್ಲ. ನೀನ್ಯಾಕೆ ಮಾಡ್ದೆ?"

ಮನೆಯಲ್ಲಿ ವೇದಾ ಬಿಡುತ್ತಾರೆಯೇ? "ಅವ್ರು ಕೆಥೆಡ್ರಲ್ ಕೇಳಿದ್ರೆ ನೀವು ಕಲ್ಯಾಣಮಂಟಪ ಕಟ್ಕೊಟ್ರಾ!" ಆದರೆ ಡ್ಯೂಟಿಯಿಂದ ಬಂದು, ಕಾಲು ನೀಡಿ ಕೂತು, ಹೊಸ ಗೋಪುರಗಳಿಗೆ ರಟ್ಟು ಹಿಡಿದುಕೊಟ್ಟವರೂ ಅವರೇ.

ವಾಕರ್ ಸದ್ದಾಗುತ್ತದೆ. ಹಲೀನಾ ಬಂದರು. ವಾಮನ ಬೆಡ್‌ಶೀಟು ಸರಿಸಿ ಪಕ್ಕಕ್ಕೆ ನಿಲ್ಲುತ್ತಾರೆ. ಎತ್ತರದ ಗಡಿಯಾರ ಗೋಪುರ, ಗಿಡ್ಡಗೆ ಇನ್ನೊಂದು, ಮಗ್ಗುಲಲ್ಲಿ ಚಾಕೊಲೇಟ್ ಕಾಗದ ಹೊದ್ದ ಚಿನ್ನದ ಗುಮ್ಮಟ. ಆಂಟಿ ಬಗ್ಗುತ್ತಾರೆ. ಬೆರಳು ಬಾಗಿಲಿನ ಮುಂದೆ ನಿಲ್ಲುತ್ತದೆ.

"ಇಲ್ಲಿ. ಅಪ್ಪ ನನ್ನನ್ನ ಹೆಗಲಿಂದ ಇಳಿಸಿದ್ದು ಇಲ್ಲೇ."

ಆಮೇಲೆ ಕಣ್ಣೊರೆಸಿಕೊಂಡು ಆಂಟಿ ಗದರುತ್ತಾರೆ: "ಗಡಿಯಾರಕ್ಕೆ ಮುಳ್ಳೆಲ್ಲಿ?"

"ಇವತ್ತೇ ಹಚ್ತೀನಿ ಆಂಟಿ."

ಆಂಟಿ ಹೊರಟ ಮೇಲೆ ವಾಮನ ಮಾಪ್ ಎತ್ತಿಕೊಳ್ಳುತ್ತಾರೆ. ಈಗ ಕೈ ಓಡುತ್ತಿದೆ. "ಭಾನುವಾರ ಬಂದೋರು ಯಾರಾದ್ರೂ, ಗೋಪುರ ಯಾಕಪ್ಪಾ ಹೆಚ್ಚುಕಮ್ಮಿ ಅಂತ ಕೇಳ್ಬೇಕು. ಅಷ್ಟೇ ನನ್ನಾಸೆ," ಎಂದು ನಗುತ್ತಾರೆ. "ಉತ್ತರ ನಾನೇ ಹೇಳ್ತೀನಿ."