ತಂಗಿಯ ಚಿಕಿತ್ಸೆಯ ಸುದ್ದಿ

ನನ್ನ ತಂಗಿ ಮರಾಠಿ ಸೀಮೆಯ ಕೊಂಢವಾ ಬಡಾವಣೆಯ ಒಂದು ಶಾಲೆಯಲ್ಲಿ ಒಂದನೆಯ ತರಗತಿಯ ಟೀಚರ್. ಕಾಲೇಜಿನ ದಿನಗಳಿಂದ ಅವಳಿಗೆ ಫಿಟ್ಸ್ ಕಾಯಿಲೆ. ಗುಳಿಗೆ ತಪ್ಪಿಸುವುದಿಲ್ಲ, ಕೊನೆಯ ಸಲ ಫಿಟ್ಸ್ ಬಂದು ನಾಲ್ಕು ವರ್ಷವಾಗಿತ್ತು. ಕೆಲಸಕ್ಕೆ ಸೇರುವಾಗ ಹೆಡ್‌ಮಿಸ್ಟ್ರೆಸ್‌ಗೆ ಮಾತ್ರ ಹೇಳಿದ್ದಳು.

ಕಳೆದ ವರ್ಷ ಒಂದು ಸೋಮವಾರ ಅವಳ ತರಗತಿಗೆ ಆರು ಮಕ್ಕಳು ಬರಲಿಲ್ಲ. ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ತಮ್ಮ ಮೊಬೈಲ್ ತೋರಿಸಿದರು. ಪಾಲಕರ ವಾಟ್ಸ್ಯಾಪ್ ಗುಂಪಿನಲ್ಲಿ ಗುಳಿಗೆಯ ಹೆಸರಿನ ಸಮೇತ ಎಲ್ಲವೂ ಇತ್ತು. ಬರೆದವಳು ಅದೇ ತರಗತಿಯ ಹುಡುಗಿಯೊಬ್ಬಳ ತಾಯಿ. ತಂಗಿ ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೆಯುವ ಕೇಸ್‌ಪೇಪರ್ ಕೌಂಟರಿನಲ್ಲಿ ಕೂರುವವಳು. “ಸ್ವಲ್ಪ ದಿನ ರಜೆ ಹಾಕಿ” ಎಂದರಂತೆ ಹೆಡ್‌ಮಿಸ್ಟ್ರೆಸ್.

ಮನೆಯಲ್ಲಿ ಅವ್ವ ಅಳುತ್ತ ಕೂತಳು. ನಾನು, “ಬಿಡು, ಬ್ಯಾರೆ ಸಾಲಿ ಹುಡುಕೂಣು” ಎಂದೆ.

“ಯಾಕ ಅಣ್ಣಾ? ನಾ ಏನ್ ಕಳವು ಮಾಡೀನಿ? ತಪ್ಪು ಆಕೀದು. ನಾಳೆ ನನ್ನ ಜೋಡಿ ಬಾ, ಸಾಕು.”

ಆಸ್ಪತ್ರೆಯ ಅಧಿಕಾರಿ ಮೊದಲು ತೇಲಿಸಿ ಮಾತಾಡಿದರು. ಅವರೂ ಒಬ್ಬ ತಾಯಿ, ಕಾಳಜಿಯಿಂದ ಹೇಳಿರಬೇಕು ಎಂದರು. ತಂಗಿ ದನಿ ಏರಿಸದೆ ಮರಾಠಿಯಲ್ಲೇ ಉತ್ತರಿಸಿದಳು: “ಕಾಳಜಿ ಇದ್ದಿದ್ದರೆ ನನ್ನನ್ನೇ ಕೇಳುತ್ತಿದ್ದರು. ನನ್ನ ಕಾಯಿಲೆಯನ್ನು ನಿಮಗೆ ಹೇಳಿದ್ದು ಚಿಕಿತ್ಸೆಗೆ, ಊರಿಗೆ ಹಂಚಲಿಕ್ಕಲ್ಲ.” ಬರೆದು ತಂದಿದ್ದ ದೂರನ್ನು ಮೇಜಿನ ಮೇಲಿಟ್ಟಳು. ದೂರು ಮುಟ್ಟಿತೆಂದು ಪ್ರತಿಯ ಮೇಲೆ ಆಸ್ಪತ್ರೆಯ ಸಿಕ್ಕಾ ಒತ್ತಿಸಿಕೊಳ್ಳುವವರೆಗೆ ಏಳಲಿಲ್ಲ.

ರಜೆಯನ್ನೂ ಹಾಕಲಿಲ್ಲ. ಶನಿವಾರ ಪಾಲಕರ ಸಭೆ ಕರೆಸಿದಳು. ತನಗಿರುವ ಕಾಯಿಲೆ ಏನು, ಫಿಟ್ಸ್ ಬಂದವರನ್ನು ಹೇಗೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಯಾಕೆ ಏನೂ ತುರುಕಬಾರದು ಎಂದು ಮಕ್ಕಳಿಗೆ ಪಾಠ ಮಾಡುವಂತೆ ಬಿಡಿಸಿ ಹೇಳಿದಳು. “ತರಗತಿಯಲ್ಲೇ ಬಂದರೆ?” ಎಂದು ಒಬ್ಬ ತಂದೆ ಕೇಳಿದರು. “ಪಕ್ಕದ ಕೋಣೆಯ ಟೀಚರ್‌ಗೆ ಕಲಿಸಿದ್ದೇನೆ. ಈಗ ನಿಮಗೂ ಗೊತ್ತಾಯಿತಲ್ಲ” ಎಂದಳು. ಕೆಲವರು ನಕ್ಕರು. ಬಿಗಿದುಕೊಂಡಿದ್ದ ಮುಖಗಳು ಸಡಿಲಾದವು.

ಎಲ್ಲರೂ ಒಪ್ಪಲಿಲ್ಲ. ಇಬ್ಬರು ಮಕ್ಕಳು ಬೇರೆ ವಿಭಾಗಕ್ಕೆ ಹೋದರು, ನಾಲ್ವರು ಮರಳಿದರು. ಆಸ್ಪತ್ರೆಯಿಂದ ಲಿಖಿತ ಕ್ಷಮಾಪಣೆ ಬಂತು. ಆ ಹೆಂಗಸನ್ನು ಕೌಂಟರಿನಿಂದ ತೆಗೆದು ರೋಗಿಗಳ ಕಾಗದಪತ್ರವಿಲ್ಲದ ಕೆಲಸಕ್ಕೆ ಹಾಕಿದರು. ಹೆಡ್‌ಮಿಸ್ಟ್ರೆಸ್ ರಜೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಅಂದು ಸಭೆಯಲ್ಲಿ ನಾನು ಕೊನೆಯ ಬೆಂಚಿನಲ್ಲಿದ್ದೆ. ಪಕ್ಕದಲ್ಲಿದ್ದ ಕನ್ನಡದ ಪಾಲಕರೊಬ್ಬರು ಮೆಲ್ಲಗೆ, “ಈ ಟೀಚರ್ ಭಾಳ ಗಟ್ಟಿ ಅದಾರ್ರಿ. ನಿಮಗ ಗೊತ್ತೇನು?” ಎಂದರು.

“ನನ್ನ ತಂಗಿ ರೀ” ಎಂದೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.